ಬಡಗು ಲೈನು

ಗೋದಾಮಿನಿಂದ ನಾಲ್ಕೂವರೆಗೆ ಹೊರಟರೆ
ರಾಸ್ ಅಲ್ ಖೈಮಾದ ಕೊನೆಯ ಸಿಗ್ನಲ್ ದಾಟುವಾಗ ಬೆಳಕು.
ಎಡಕ್ಕೆ ಕಡಲು, ಬಲಕ್ಕೆ ಬೋಳು ಬೆಟ್ಟ.
ನಮ್ಮೂರಲ್ಲೂ ಬಡಗು ಮುಖ ಮಾಡಿ ನಿಂತರೆ
ಎಡಗೈಗೆ ಉಪ್ಪು, ಬಲಗೈಗೆ ಘಟ್ಟ.
ಅದಕ್ಕೇ ಇರಬೇಕು, ಹದಿನಾಲ್ಕು ವರ್ಷದಲ್ಲಿ
ಒಮ್ಮೆಯೂ ದಾರಿ ತಪ್ಪಿಲ್ಲ ನಾನು.
ಊರುಗಳೇ ಆಗಾಗ ತಪ್ಪಿಸಿಕೊಂಡಿವೆ.

ಜುಲ್ಫಾರವನ್ನೇ ನೋಡಿ.
ಮೊದಲು ಕುಶ್ ಎಂಬ ದಿಬ್ಬದ ಮೇಲಿತ್ತಂತೆ.
ಅಳಿವೆಯಲ್ಲಿ ಮರಳು ಕೂತಿತು; ಊರು ಎದ್ದು ಹೋಗಿ
ಹೊಸ ನೀರಿನ ಬದಿ ಕೂತಿತು.
ಅಲ್ಲೂ ಹೂಳು.
ಮತ್ತೆ ಎದ್ದು, ಸೆರಗು ಕೊಡವಿ,
ತೆಂಕಕ್ಕಿಷ್ಟು ಸರಿದು, ಹೆಸರನ್ನೂ ಬದಲಿಸಿಕೊಂಡು
ಈಗ ನನಗೆ ವೀಸಾ ಕೊಟ್ಟಿದೆ.

ಇದನ್ನೆಲ್ಲ ಹೇಳಿದವನು ಮ್ಯೂಸಿಯಮ್ಮಿನ ಕಾವಲಿನ ಬಲೂಚಿ, ದಾದ್ ಕರೀಂ
(ನನಗೆ ಐದು ಕೆಜಿಯ ದುಡ್ಡು ಇನ್ನೂ ಬಾಕಿ).
‘ಅಗೆದಲ್ಲಿ ಸಿಕ್ಕ ಮಡಕೆ ಚೂರಲ್ಲಿ ನಿಮ್ಮ ಕಡೆಯದೂ ಇದೆ’ ಅಂದ.
ಯಾವ ಕಡೆ?
‘ಅಕ್ಕಿ ಬರುತ್ತಿದ್ದ ಕಡೆ.’

ನಾನು ಬಸರೂರಿನವ.
ಹೊಳೆದಂಡೆಯ ಹಳೆ ಪಾಗಾರದ ಬುಡದಲ್ಲಿ ಚಿಪ್ಪು ಹೆಕ್ಕಿದವ.
ಇಲ್ಲಿಂದ ಅಕ್ಕಿ ಹೋಗುತ್ತಿತ್ತು, ಅಲ್ಲಿಂದ ಕುದುರೆ ಬರುತ್ತಿತ್ತು:
ಏಳನೇ ಕ್ಲಾಸಿನಲ್ಲಿ ಎರಡು ಅಂಕದ ಪ್ರಶ್ನೆ.
ಅಲ್ಲಿ ಅಂದರೆ ಎಲ್ಲಿ ಎಂದು
ಸಂಜೀವ ಮಾಸ್ಟ್ರನ್ನು ಯಾರೂ ಕೇಳಲಿಲ್ಲ.
ನಮ್ಮ ಹೊಳೆಗೂ ಹೂಳು ಬಿತ್ತು.
ಊರು ಮಾತ್ರ ಏಳಲಿಲ್ಲ, ಕೂತಲ್ಲೇ ಕೂತಿತು.
ಈಗ ವ್ಯಾನಿನಲ್ಲಿ ನಲವತ್ತು ಮೂಟೆ.
ಕುದುರೆ, ಬಾನೆಟ್ಟಿನೊಳಗೆ ನೂರ ಮೂವತ್ತು.

ರಮ್ಸ್‌ನಲ್ಲಿ ಹನ್ನೊಂದು ಮೂಟೆ ಇಳಿಯುತ್ತವೆ.
ಹಿನ್ನೀರಿನಲ್ಲಿ ಕಾಂಡ್ಲ ಗಿಡ, ಅದರ ಬೇರಲ್ಲಿ ಏಡಿ.
ಹಿಂದೆ ದಾಯಾ ಗುಡ್ಡ, ನೆತ್ತಿಯಲ್ಲಿ ಎರಡು ಬುರುಜು.
ಇಂಗ್ಲಿಷರ ಫಿರಂಗಿ ಬಂದಾಗ ಊರಿಗೂರೇ ಹತ್ತಿ ಕೂತಿತ್ತಂತೆ,
ಮಕ್ಕಳು, ಮುದುಕಿಯರು, ಎಲ್ಲ.
ಮೇಲೆ ನೆರಳಿಲ್ಲ, ನೀರಿಲ್ಲ.
ಅಂಗಡಿಯ ಹುಡುಗ ಬಿಲ್ಲಿಗೆ ಸೀಲು ಒತ್ತುವಷ್ಟು ಹೊತ್ತು
ಅದನ್ನು ನೋಡುತ್ತೇನೆ. ಆಮೇಲೆ ನೀರು ಕುಡಿಯುತ್ತೇನೆ.

ಖೋರ್ ಖುವೈರಿನಲ್ಲಿ ಬೆಟ್ಟವನ್ನೇ ಲಾರಿಗೆ ತುಂಬುತ್ತಾರೆ.
ಶೇರ್ ಜಮಾನನ ಲೆಕ್ಕ: ದಿನಕ್ಕೆ ಒಂಬತ್ತು ಟ್ರಿಪ್ಪು,
ಗುಡ್ಡದಿಂದ ಬಂದರಕ್ಕೆ, ಬಂದರದಿಂದ ಹಡಗಿಗೆ.
‘ಇದರ ತಲೆ ಬೇರೆ ದೇಶದಲ್ಲಿ ದ್ವೀಪವಾಗಿದೆ,
ಭುಜ ಯಾವುದೋ ರನ್‌ವೇಯ ಅಡಿಯಲ್ಲಿ’ ಅನ್ನುತ್ತಾನೆ,
ಚಹಾದ ಕೆನೆ ಮೇಲಿನ ಬಿಳಿ ಹುಡಿ ಊದುತ್ತ.
ಬೆಟ್ಟಕ್ಕೆ ಪಾಸ್‌ಪೋರ್ಟು ಬೇಡ.

ಕೊನೆಗೆ ಶಾಮ್. ಅದರಾಚೆ ಗಡಿ, ಒಮಾನಿನ ಧ್ವಜ.
ಅಂಗಡಿ ಮುಸಬ್ಬಹ್ ಮುದುಕನದು; ಹುಟ್ಟಿದ್ದು ಮೇಲೆ, ಬೆಟ್ಟದಲ್ಲಿ.
ಒಂದು ಸಲ ಶಟರ್ ಎಳೆದು, ವ್ಯಾನ್ ಹತ್ತಿ, ಕರೆದೊಯ್ದ.
ಅರ್ಧ ನೆಲದೊಳಗೆ ಹುಗಿದ ಕಲ್ಲುಮನೆ.
ಬಾಗಿಲು ನನ್ನ ಸೊಂಟದೆತ್ತರ. ಮರದ ಬೀಗ.
ಟಾರ್ಚು ಬಿಟ್ಟರೆ ಒಳಗೆ ಗುಡಾಣ,
ಬಾಗಿಲಿಗಿಂತ ಅಗಲ ಅದರ ಹೊಟ್ಟೆ.
ಹೇಗೆ ಒಳಗೆ ಹೋಯಿತು?
‘ಮೊದಲು ಗುಡಾಣ ಇಟ್ಟರು. ಗೋಡೆ ಆಮೇಲೆ.’
ಬೇಸಿಗೆಗೆ ಧಾನ್ಯ ತುಂಬಿ, ಬೀಗ ಜಡಿದು,
ಖರ್ಜೂರದ ತೋಟಕ್ಕೆ ಇಳಿಯುತ್ತಿದ್ದರಂತೆ ಎಲ್ಲರೂ.
ಕೈ ಹಾಕಿ ತಡವಿದೆ. ತಳದಲ್ಲಿ ಜೇಡರಬಲೆ,
ಬಾರ್ಲಿಯದ್ದೋ ಏನೋ, ನಾಲ್ಕು ಹೊಟ್ಟು.

ಇಳಿಯುವಾಗ ಕೇಳಿದ: ನಿನ್ನ ಊರು?
ಬಸರೂರು, ಅಂದೆ.
ಅವನ ಕಿವಿ ಮಂದ. ಮುಖ ಅರಳಿತು.
‘ಬಸ್ರಾ! ನನ್ನಪ್ಪ ಹಾಯಿ ಕಟ್ಟಿ ಅಲ್ಲಿಗೆ ಹೋಗಿದ್ದ,’
ಎನ್ನುತ್ತ ಬೀಗದ ಕೈಯನ್ನೇ ಬಡಗಿಗೆ ಚಾಚಿ
ಸೀದಾ ತೋರಿಸಿದ, ನೀರಿನಾಚೆ,
ನನ್ನ ಮನೆ.

ತಿದ್ದಲಿಲ್ಲ.
ಖಾಲಿ ವ್ಯಾನು, ಇಳಿಜಾರು;
ಹಿಂದೆ ಒಂದು ಹರಿದ ಮೂಟೆಯ ಅಕ್ಕಿ
ತಿರುವು ತಿರುವಿಗೂ ಸರ್ರನೆ
ಆ ಬದಿಗೆ, ಈ ಬದಿಗೆ.